ಜೋಹರಿ ಬಜಾರ್‌ನ ಪಚ್ಚೆ: ಹರಳು ಅಲ್ಲೇ ಕೊಳ್ಳಿ, ಒಡವೆಗೆ ಅವಸರ ಬೇಡ

ಕೈಗೆಟಕುವ ಬೆಲೆಯಲ್ಲಿ ಪಚ್ಚೆ ಕೊಳ್ಳಬೇಕೆನ್ನುವ ಪ್ರವಾಸಿಗೆ ಜೈಪುರದ ಜೋಹರಿ ಬಜಾರ್ ತುಂಬ ಒಳ್ಳೆಯ ಜಾಗ. ಆದರೆ ಎರಡೇ ದಿನದಲ್ಲಿ ಹರಳನ್ನೂ ಕೊಂಡು, ಉಂಗುರವನ್ನೂ ಮಾಡಿಸಿಕೊಂಡು ಊರಿಗೆ ಹೊರಡುತ್ತೇನೆ ಎನ್ನುವವರಿಗೆ ಅಷ್ಟೇ ಧೈರ್ಯದಿಂದ ಹೋಗಿ ಎನ್ನಲಾಗದು. ಜಾಂಬಿಯಾ, ಬ್ರೆಜಿಲ್, ಇಥಿಯೋಪಿಯಾಗಳ ಕಚ್ಚಾ ಪಚ್ಚೆ ಇಲ್ಲಿಗೆ ಬಂದು ಸಾಣೆಗೆ ಕೂರುತ್ತದೆ. ಹಾಗಾಗಿ ಅರ್ಧ ಕ್ಯಾರೆಟ್, ಮುಕ್ಕಾಲು ಕ್ಯಾರೆಟ್‌ನ ಮಧ್ಯಮ ದರ್ಜೆಯ ಹರಳುಗಳು ರಾಶಿ ರಾಶಿ ಸಿಗುತ್ತವೆ. ಈ ಪೇಟೆಯ ನಿಜವಾದ ಲಾಭ ಅಗ್ಗದ ಬೆಲೆಗಿಂತ ಹೆಚ್ಚಾಗಿ, ನೂರು ಹರಳು ಹರಡಿಕೊಂಡು ಒಂದನ್ನು ಆರಿಸಬಹುದು ಎನ್ನುವುದರಲ್ಲಿದೆ.

ಬಡಿ ಚೌಪಡ್‌ನಿಂದ ಸಾಂಗಾನೇರಿ ಗೇಟ್‌ವರೆಗಿನ ದೊಡ್ಡ ರಸ್ತೆಯೇ ಜೋಹರಿ ಬಜಾರ್. ರಸ್ತೆಗೆ ಮುಖ ಮಾಡಿದ ಅಂಗಡಿಗಳಲ್ಲಿ ಹೆಚ್ಚಾಗಿ ಸಿದ್ಧ ಒಡವೆ. ಬಿಡಿ ಹರಳು ಬೇಕಾದವರು ಗೋಪಾಲ್‌ಜೀ ಕಾ ರಾಸ್ತಾ, ಹಲ್ದಿಯೋಂ ಕಾ ರಾಸ್ತಾ ಎಂಬ ಒಳಗಲ್ಲಿಗಳಿಗೆ ಹೋಗಬೇಕು. ಅಲ್ಲಿ ವ್ಯಾಪಾರಿಗಳು ಮಡಿಸಿದ ಕಾಗದದ ಪೊಟ್ಟಣ ಬಿಚ್ಚಿ ಹರಳು ತೋರಿಸುತ್ತಾರೆ. ಭಾನುವಾರ ಬಹುಪಾಲು ಬಾಗಿಲು ಹಾಕಿರುತ್ತದೆ. ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರೊಳಗೆ ಹೋದರೆ ಹಗಲು ಬೆಳಕು ಸಿಗುತ್ತದೆ. ಆಟೊದವರು ಕರೆದೊಯ್ಯುವ ಅಂಗಡಿಗೆ ಹೋಗಬೇಡಿ, ಅವರ ಕಮಿಷನ್ ನಿಮ್ಮ ಬೆಲೆಯಲ್ಲೇ ಸೇರಿರುತ್ತದೆ. ‘ಈ ಹರಳುಗಳನ್ನು ನಿಮ್ಮ ಹೆಸರಿನಲ್ಲಿ ವಿದೇಶಕ್ಕೆ ಒಯ್ದು ಮಾರಿ, ಲಾಭದಲ್ಲಿ ಪಾಲು ಕೊಡುತ್ತೇವೆ’ ಎಂದು ಯಾರಾದರೂ ಸ್ನೇಹ ಬೆಳೆಸಿದರೆ ಅಲ್ಲಿಂದ ಎದ್ದು ಬನ್ನಿ. ಪ್ರವಾಸಿಗಳ ಮೇಲೆ ಬಹಳ ಕಾಲದಿಂದ ನಡೆಯುತ್ತಿರುವ ಮೋಸ ಅದು.

ಮೊದಲು ಅಳತೆ ತೀರ್ಮಾನಿಸಿ. 6×4, 7×5, 8×6 ಮಿಲಿಮೀಟರ್‌ನಂಥ ಸಿದ್ಧ ಅಳತೆಯ ಹರಳಿಗೆ ಅಚ್ಚಿನಲ್ಲಿ ಎರಕ ಹೊಯ್ದ ಚೌಕಟ್ಟುಗಳು ಎಲ್ಲೆಡೆ ಸಿಗುತ್ತವೆ, ಮಜೂರಿ ಕಡಿಮೆಯಾಗುತ್ತದೆ. ಎಂಟು ಮೂಲೆಯ ಆಯತಾಕಾರದ ಪಚ್ಚೆ 6×4 ಆದರೆ ಸುಮಾರು 0.45 ಕ್ಯಾರೆಟ್, 7×5 ಆದರೆ 0.8, 8×6 ಆದರೆ 1.3ರ ಆಸುಪಾಸು ತೂಗುತ್ತದೆ. ಅದಕ್ಕಿಂತ ತುಂಬ ಹೆಚ್ಚು ತೂಗಿದರೆ ಹರಳಿನ ಹೊಟ್ಟೆ ದಪ್ಪವಿದೆ ಎಂದರ್ಥ: ತೂಕ ಉಳಿಸಲೆಂದೇ ಹಾಗೆ ಕತ್ತರಿಸಿರುತ್ತಾರೆ. ಮೇಲಿಂದ ಕಾಣದ ಭಾಗಕ್ಕೂ ನೀವು ಕ್ಯಾರೆಟ್ ಲೆಕ್ಕದಲ್ಲಿ ದುಡ್ಡು ಕೊಡುತ್ತೀರಿ, ಉಂಗುರವೂ ಬೆರಳಿನಿಂದ ಎತ್ತರಕ್ಕೆ ನಿಲ್ಲುತ್ತದೆ. ತೀರ ತೆಳುವಾಗಿದ್ದರೆ ನಡುವೆ ಕಿಟಕಿ ತೆರೆದಂತೆ ಬಣ್ಣ ಸೋರಿಹೋಗುತ್ತದೆ. ಅಚ್ಚಾದ ಅಕ್ಷರದ ಮೇಲಿಟ್ಟಾಗ ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಬೇರೆ ಹರಳು ಕೇಳಿ. ಒಂದು ಕ್ಯಾರೆಟ್ ದಾಟಿದೊಡನೆ ಕ್ಯಾರೆಟ್ಟಿನ ದರವೇ ಏರುವುದರಿಂದ 0.9ರ ಹರಳು ಹುಡುಕುವುದು ಜಾಣತನ. ಬೆರಳಿನ ಮೇಲೆ ಎರಡಕ್ಕೂ ವ್ಯತ್ಯಾಸ ತಿಳಿಯದು.

ಅಂಗಡಿಯ ಬಲ್ಬಿನಡಿ ಬಣ್ಣ ನಿರ್ಧರಿಸಬೇಡಿ. ಬಿಳಿ ಕಾಗದದ ಮೇಲಿಟ್ಟು ಬಾಗಿಲ ಬಳಿ, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ನೋಡಿ. ಆಮೇಲೆ ನೆರಳಿಗೆ ಒಯ್ಯಿರಿ. ಚಿಕ್ಕ ಹರಳು ತೀರ ಗಾಢವಾಗಿದ್ದರೆ ಒಡವೆಯಲ್ಲಿ ಕಪ್ಪಾಗಿಯೇ ಕಾಣುತ್ತದೆ. ಅರ್ಧ ಕ್ಯಾರೆಟ್‌ಗೆ ನಡುಮಟ್ಟದ, ಸ್ವಲ್ಪ ತಿಳಿಯಾದ ಹಸಿರೇ ಚೆಂದ. ಜಾಂಬಿಯಾದ ಹರಳಿನಲ್ಲಿ ಕೊಂಚ ನೀಲಿಯ ಛಾಯೆ ಇರುವುದು ದೋಷವಲ್ಲ. ತೀರ ಮಾಸಿದ ಹಸಿರಾದರೆ ಪ್ರಯೋಗಾಲಯ ಅದನ್ನು ಪಚ್ಚೆ ಎನ್ನದೆ ‘ಹಸಿರು ಬೆರಿಲ್’ (ಬೆರಿಲ್ ಎಂದರೆ ಪಚ್ಚೆಯ ಮೂಲ ಖನಿಜ) ಎಂದು ಬರೆದುಕೊಡಬಹುದು.

ಇನ್ನು ಬಿರುಕಿನ ವಿಷಯ. ಇಡೀ ವ್ಯವಹಾರದ ಜೀವ ಇಲ್ಲಿದೆ. ವಜ್ರಕ್ಕೆ 10 ಕೊಡುವ ಮೋಸ್ ಮಾಪಕದಲ್ಲಿ ಪಚ್ಚೆಯ ಗಡಸುತನ 7.5ರಿಂದ 8, ಗೀರು ಸುಲಭವಾಗಿ ಬೀಳದು. ಆದರೆ ಅದು ಪೆಟ್ಟು ತಾಳದು, ಏಕೆಂದರೆ ಒಳಗೆ ಹುಟ್ಟಿನಿಂದಲೇ ಬಿರುಕುಗಳಿರುತ್ತವೆ. ಕಡಿಮೆ ಬಜೆಟ್ಟಿನಲ್ಲಿ ಅಚ್ಚುಕಟ್ಟಾದ, ಒಳಗೇನೂ ಇಲ್ಲದ ಪಚ್ಚೆ ಸಿಗುವುದಿಲ್ಲ. ಸಿಕ್ಕರೆ ಅನುಮಾನಿಸಿ. ಒಳಗಿನ ಪಾಚಿಯಂಥ ಗೆರೆಗಳನ್ನೂ ಚುಕ್ಕೆಗಳನ್ನೂ ಸಂತೋಷದಿಂದ ಒಪ್ಪಿಕೊಳ್ಳಿ. ಮೇಲ್ಮೈವರೆಗೆ ಬಂದು ತೆರೆದುಕೊಳ್ಳುವ ಬಿರುಕು ಮೂಲೆಯಲ್ಲೋ ಅಂಚಿನಲ್ಲೋ ಇದ್ದರೆ ಎಷ್ಟೇ ಅಗ್ಗವಾದರೂ ಬಿಡಿ, ಹರಳು ಕೂರಿಸುವಾಗ ಲೋಹ ಒತ್ತುವುದು ಅಲ್ಲೇ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಚಿಕ್ಕ ಭೂತಗನ್ನಡಿ) ಹಿಡಿದು, ಹರಳನ್ನು ಓರೆ ಮಾಡಿ, ಬೆಳಕು ಮೇಲ್ಮೈಯಲ್ಲಿ ಕನ್ನಡಿಯಂತೆ ಹೊಳೆಯುವಾಗ ನೋಡಿದರೆ ಕೂದಲೆಳೆಯಂಥ ಗೆರೆ ಹೊಳಪನ್ನು ಕತ್ತರಿಸಿದ್ದು ಕಾಣುತ್ತದೆ.

ಈ ಬಿರುಕುಗಳಿಗೆ ಎಣ್ಣೆ ತುಂಬುವುದು ಪೇಟೆಯ ಒಪ್ಪಿತ ರೂಢಿ. ಗಾಳಿ ತುಂಬಿದ ಬಿರುಕು ಬೆಳಕನ್ನು ಒಡೆದು ಬಿಳಿಯಾಗಿ ಕಾಣುತ್ತದೆ. ಪಚ್ಚೆಯ ವಕ್ರೀಭವನ ಸೂಚ್ಯಂಕ, ಅಂದರೆ ಒಳಹೊಕ್ಕ ಬೆಳಕನ್ನು ಅದು ಬಾಗಿಸುವ ಪ್ರಮಾಣ, ಸುಮಾರು 1.58, ಸೀಡರ್ ಎಣ್ಣೆಯದು ಸುಮಾರು 1.51. ಎರಡೂ ಹತ್ತಿರವಿರುವುದರಿಂದ ಎಣ್ಣೆ ತುಂಬಿದ ಬಿರುಕು ಮರೆಯಾಗುತ್ತದೆ. ಬಣ್ಣವಿಲ್ಲದ ಎಣ್ಣೆ ಸ್ವಲ್ಪ ಇದ್ದರೆ ತಕರಾರಿಲ್ಲ. ಹಸಿರು ಬಣ್ಣ ಬೆರೆಸಿದ ಎಣ್ಣೆ ಮಾತ್ರ ಮೋಸವೇ. ಲೂಪ್‌ನಲ್ಲಿ ಬಿರುಕಿನ ಗೆರೆ ಸುತ್ತಲಿನ ಹರಳಿಗಿಂತ ಹಸಿರಾಗಿ ಕಂಡರೆ, ಬಿಳಿ ಟಿಶ್ಯೂಗೆ ಒರೆಸಿದಾಗ ಹಸಿರು ಅಂಟಿದರೆ ಬೇಡ. ಎಪಾಕ್ಸಿ ರಾಳ ತುಂಬಿದ ಹರಳನ್ನು ಅಲುಗಿಸಿದಾಗ ಬಿರುಕಿನಲ್ಲಿ ನೀಲಿ ಅಥವಾ ಕಿತ್ತಳೆ ಮಿಂಚು ಹಾಯಬಹುದು. ಅಗ್ಗದ ಮಣಿಸರಗಳಲ್ಲಿ ರಾಳವೇ ಚೂರುಗಳನ್ನು ಹಿಡಿದಿಟ್ಟಿರುವುದೂ ಉಂಟು.

ನಕಲಿಯಲ್ಲಿ ಗಾಜು ಸುಲಭವಾಗಿ ಸಿಕ್ಕಿಬೀಳುತ್ತದೆ: ಒಳಗೆ ದುಂಡು ಗುಳ್ಳೆ, ಸವೆದ ಅಂಚು. ಎರಡು ತುಂಡುಗಳ ನಡುವೆ ಹಸಿರು ಅಂಟು ಹಾಕಿದ ಜೋಡು ಹರಳನ್ನು ನೀರಿಗೆ ಹಾಕಿ ಪಕ್ಕದಿಂದ ನೋಡಿದರೆ ಪದರ ಕಾಣುತ್ತದೆ. ಕಷ್ಟ ಇರುವುದು ಪ್ರಯೋಗಾಲಯದಲ್ಲಿ ಬೆಳೆಸಿದ ಪಚ್ಚೆಯಲ್ಲಿ. ಅದರ ರಾಸಾಯನಿಕ ರಚನೆ ಅಸಲಿಯದೇ, ಕಣ್ಣಿಗೂ ಲೂಪ್‌ಗೂ ಭರವಸೆಯಿಂದ ಸಿಗದು. ಚೆಲ್ಸಿ ಫಿಲ್ಟರ್ (ಹರಳು ಪರೀಕ್ಷಿಸುವ ಬಣ್ಣದ ಸೋಸುಗಾಜು) ತೋರಿಸಿ ‘ಕೆಂಪಾಯಿತು, ಅಸಲಿ’ ಎನ್ನುವವರ ಮಾತಿಗೆ ಬೆಲೆ ಕೊಡಬೇಡಿ. ಬೆಳೆಸಿದ ಹರಳೂ ಕೆಂಪಾಗುತ್ತದೆ, ಕಬ್ಬಿಣದಂಶ ಹೆಚ್ಚಿರುವ ಜಾಂಬಿಯಾದ ಅಸಲಿ ಹರಳು ಆಗದೆಯೂ ಇರಬಹುದು.

ಈ ವಿಚಾರದಲ್ಲಿ ಜೈಪುರಕ್ಕೆ ದೊಡ್ಡ ಅನುಕೂಲವಿದೆ. ರತ್ನಾಭರಣ ರಫ್ತು ಮಂಡಳಿ 1972ರಲ್ಲಿ ಆರಂಭಿಸಿದ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ ಅದೇ ಊರಿನಲ್ಲಿದೆ, ಈಗ ಅದರ ಹೆಸರು ಐಐಜಿಜೆ ರಿಸರ್ಚ್ ಆ್ಯಂಡ್ ಲ್ಯಾಬೊರೇಟರೀಸ್ ಸೆಂಟರ್. ಪರೀಕ್ಷೆ ಮುಗಿದ ಮೇಲೆ ಬಾಕಿ ಹಣ ಎಂಬ ಷರತ್ತಿಗೆ ಒಪ್ಪುವ ವ್ಯಾಪಾರಿಯನ್ನೇ ಆರಿಸಿ. ಸಣ್ಣ ಹರಳಿಗೆ ವರದಿಯ ಖರ್ಚು ಹೊರೆ ಎನ್ನಿಸಿದರೂ, ಕಿವಿಯ ಜೋಡಿಗೋ ಒಂದು ಕ್ಯಾರೆಟ್‌ನ ಹರಳಿಗೋ ಅದನ್ನು ಬಿಡಬೇಡಿ. ಬೆಲೆಯನ್ನು ಕ್ಯಾರೆಟ್ಟಿನಲ್ಲೇ ಹೇಳಿಸಿ. ರತ್ತಿ ಎಂಬ ಹಳೆಯ ತೂಕದ ಲೆಕ್ಕ ಎಲ್ಲೆಡೆ ಒಂದೇ ಅಲ್ಲ: ಗ್ರಹರತ್ನದ ಅಂಗಡಿಯ ರತ್ತಿ ಸುಮಾರು 0.91 ಕ್ಯಾರೆಟ್, ಚಿನಿವಾರರ ಹಳೆಯ ರತ್ತಿ ಸುಮಾರು 0.6. ಗೊಂದಲದಲ್ಲಿ ನಷ್ಟ ನಿಮಗೇ. ಬಿಲ್ಲಿನಲ್ಲಿ ‘ನೈಸರ್ಗಿಕ ಪಚ್ಚೆ’, ತೂಕ, ಅಳತೆ, ಎಣ್ಣೆಯ ವಿವರ ಬರೆಸಿ.

ಒಡವೆ ಕೆಲಸಕ್ಕೆ ಬಂದರೆ, ಕ್ರಮವೇ ಎಲ್ಲ. ಬೆಸುಗೆ, ಪಾಲಿಶ್, ರೋಡಿಯಂ ಲೇಪ ಎಲ್ಲ ಮುಗಿದ ಮೇಲೆ ಕೊನೆಯದಾಗಿ ಹರಳು ಕೂರಬೇಕು. ಬೆಂಕಿಯ ಶಾಖ ತಾಗಿದರೆ ಎಣ್ಣೆ ಹೊರಬಂದು ಬಿರುಕು ಬೆಳ್ಳಗೆ ಎದ್ದು ಕಾಣುತ್ತದೆ, ಹರಳು ಒಡೆಯಲೂಬಹುದು. ಅವಸರದ ಕೆಲಸದಲ್ಲಿ ತಪ್ಪುವುದು ಇದೇ: ಉಂಗುರ ಬಿಗಿಯಾಯಿತೆಂದು ಹರಳು ತೆಗೆಯದೆಯೇ ಬೆಸುಗೆ ಹಾಕುತ್ತಾರೆ, ಕಂಪನದಿಂದ ಕೊಳೆ ತೆಗೆಯುವ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆದುಬಿಡುತ್ತಾರೆ. ಆದ್ದರಿಂದ ಬೆರಳಿನ ಅಳತೆ ಎರಡು ಸಲ, ಅದರಲ್ಲೊಂದು ಸಂಜೆ, ತೆಗೆಸಿ.

ಉಂಗುರಕ್ಕೆ ಸುತ್ತಲೂ ಪಟ್ಟಿ ಬರುವ ಬೆಜೆಲ್ ಒಳ್ಳೆಯದು. ಮೆತ್ತನೆಯ 18 ಅಥವಾ 22 ಕ್ಯಾರೆಟ್ ಹಳದಿ ಚಿನ್ನವಾದರೆ ಕಡಿಮೆ ಒತ್ತಡದಲ್ಲಿ ಬಾಗುತ್ತದೆ. ಗಡಸಾದ ಬಿಳಿ ಚಿನ್ನವನ್ನು ಬಾಗಿಸಲು ಬಲ ಹಾಕಬೇಕು, ಪೆಟ್ಟು ಹರಳಿಗೆ ಹೋಗುತ್ತದೆ. ಬೆಳ್ಳಿಯಲ್ಲಿ ಹರಳನ್ನು ಹಿಡಿಯುವ ಉಗುರಿನಂಥ ಪ್ರಾಂಗ್‌ಗಳು ಬೇಗ ಬಾಗಿ ಹರಳು ಬಿದ್ದುಹೋಗುವುದರಿಂದ ಅಲ್ಲಿಯೂ ಬೆಜೆಲ್ಲೇ ಸರಿ. ಪ್ರಾಂಗ್ ಬೇಕೇ ಬೇಕೆಂದರೆ ಮೂಲೆಗೆ ‘ವಿ’ ಆಕಾರದ್ದು ಹಾಕಿಸಿ. ಬಿರುಕು ಹೆಚ್ಚಿರುವ ಹರಳನ್ನು ಪದಕಕ್ಕೋ ಓಲೆಗೋ ಇಡಿ, ಅಲ್ಲಿ ಪೆಟ್ಟು ಬೀಳುವುದು ಕಡಿಮೆ. ಹಿಂಬದಿ ಮುಚ್ಚಿದ ಕುಂದಣದ ಸಿದ್ಧ ಒಡವೆಯಲ್ಲಿ ಹರಳಿನ ಕೆಳಗೆ ತಗಡು ಇರುವುದರಿಂದ ನಿಜವಾದ ಬಣ್ಣ ತಿಳಿಯಲಾಗದು. ಅದನ್ನು ಕೆಲಸದ ಸೊಗಸಿಗಾಗಿ ಕೊಳ್ಳಿ, ಪಚ್ಚೆಯ ಬೆಲೆ ಕೊಟ್ಟಲ್ಲ.

ಹರಳನ್ನು ಅಕ್ಕಸಾಲಿಗರ ಕೈಗೆ ಕೊಡುವ ಮುಂಚೆ ತೂಕ, ಮೂರು ಅಳತೆ, ಲೂಪ್ ಮೂಲಕ ತೆಗೆದ ಒಳಗಿನ ಗೆರೆಗಳ ಫೋಟೊ, ಎಲ್ಲವನ್ನೂ ಚೀಟಿಯೊಂದಿಗೆ ಇಟ್ಟುಕೊಳ್ಳಿ. ಕೂರಿಸಿದ ಮೇಲೆ ತೂಗಲಾಗದು, ಬದಲಾಗಿದೆಯೇ ಎಂದು ಗುರುತಿಸಲು ಆ ಗೆರೆಗಳೇ ಸಾಕ್ಷಿ. ಚಿನ್ನದ ತೂಕದಲ್ಲಿ ಹರಳಿನದನ್ನು ಕಳೆಯಬೇಕು, ಹರಳಿನ ತೂಕದಲ್ಲಿ 1 ಕ್ಯಾರೆಟ್ ಎಂದರೆ 0.2 ಗ್ರಾಂ. 18 ಕ್ಯಾರೆಟ್ ಚಿನ್ನಕ್ಕೆ 18ಕೆ750 ಮುದ್ರೆಯೂ ಪ್ರತಿ ಒಡವೆಗೂ ಬೇರೆಯಾದ ಗುರುತುಸಂಖ್ಯೆ ಎನ್ನುವ ಆರು ಅಕ್ಷರಾಂಕಗಳ ಎಚ್‌ಯುಐಡಿಯೂ ಇರಬೇಕು, 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ. 2 ಗ್ರಾಂಗಿಂತ ಕಡಿಮೆಯ ಒಡವೆಗೂ ಕುಂದಣದ ಕೆಲಸಕ್ಕೂ ವಿನಾಯಿತಿ ಇದೆ. ಹಾಲ್‌ಮಾರ್ಕ್ ಕೇಂದ್ರಕ್ಕೆ ಕಳಿಸಿ ತರಿಸಲು ಸಮಯ ಬೇಕು. ನಾಳೆ ಸಂಜೆಗೇ ಬೇಕೆಂದರೆ ಮೊದಲು ಕೈಬಿಡುವುದು ಅದನ್ನೇ. ಆದ್ದರಿಂದ ಬೆಳ್ಳಿಯ ಪದಕವಾದರೆ ಜೈಪುರದಲ್ಲೇ ಮಾಡಿಸಿ. ಚಿನ್ನದ ಉಂಗುರವಾದರೆ ಹರಳು ಮಾತ್ರ ತಂದು, ಮತ್ತೆ ಹೋಗಿ ಕೇಳಬಹುದಾದ ಅಕ್ಕಸಾಲಿಗರ ಬಳಿ ಮಾಡಿಸಿ.

ಮನೆಯಲ್ಲಿ ಉಗುರು ಬೆಚ್ಚಗಿನ ನೀರು, ಸೌಮ್ಯ ಸಾಬೂನು, ಮೆತ್ತನೆಯ ಬ್ರಷ್ ಸಾಕು. ವರ್ಷಗಳ ನಂತರ ಎಣ್ಣೆ ಆರಿ ಬಿರುಕು ಬೆಳ್ಳಗಾದರೆ ಮತ್ತೆ ತುಂಬಿಸಬಹುದು. ಹಳೆಯದನ್ನು ಪೂರ್ತಿ ತೊಳೆದು, ಬಣ್ಣವಿಲ್ಲದ ಎಣ್ಣೆಯನ್ನೇ ಹಾಕಬೇಕೆಂದು ಮೊದಲೇ ಹೇಳಿ.