ಬಾಪೂಜಿ ಸೇವಾ ಕೇಂದ್ರ: ಪಹಣಿ ಸಲೀಸು, ಇ-ಸ್ವತ್ತು ಸಂಕಟ

ಪಹಣಿಗೆಂದು ನಾಡಕಚೇರಿಗೆ ಅಲೆಯುವುದು ತಪ್ಪಿದೆ. ಈ ಸಲ ನಮ್ಮ ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲೇ ತೆಗೆಸಿದೆ. ಸರ್ವೆ ನಂಬರ್ ಹೇಳಿ, ಶುಲ್ಕ ಕೊಟ್ಟರೆ ಸಾಕು. ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ಚುರುಕು.

ಅಮ್ಮನ ಹೆಸರಿನ ಮನೆಗೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11 ಮಾಡಿಸುವುದು ಮಾತ್ರ ಬೇರೆ ಕಥೆ. ಸರ್ವರ್ ಇದ್ದಾಗ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಭೆಯಲ್ಲಿ, ಪಿಡಿಒ ಇದ್ದಾಗ ಸರ್ವರ್ ಇಲ್ಲ. ಅವರ ಡಿಜಿಟಲ್ ಸಹಿ ಬೀಳದೆ ಯಾವುದೂ ಹೊರಗೆ ಬರಲ್ಲ. ಎಷ್ಟು ದಿನ ಆಗುತ್ತೆ ಅಂತ ಒಂದು ಬೋರ್ಡ್ ಹಾಕಿದರೆ ಸುಮ್ನೆ ಓಡಾಡುವುದು ತಪ್ಪುತ್ತೆ, ಅಲ್ವಾ?

ಮೊದಲು ಮನೆ ಕಂದಾಯದ ಬಾಕಿ ಕಟ್ಟಿ ಅಂದರು. ಅದಕ್ಕೆ ನನ್ನ ತಕರಾರಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಪಂಚಾಯಿತಿಗೆ ಕೊಟ್ಟಿರುವ ಸ್ವಂತ ವರಮಾನ ಅದು. ಅನುದಾನವೊಂದನ್ನೇ ನಂಬಿ ಎಲ್ಲಾ ಖರ್ಚು ನಿಭಾಯಿಸಲು ಆಗಲ್ಲ: ಕೇಂದ್ರದ 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ 2021–26ಕ್ಕೆ ಹೇಳಿದ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲು. ಉಳಿದದ್ದನ್ನೂ ಸಂಬಳಕ್ಕೆ ಬಳಸುವಂತಿಲ್ಲ. ರಸೀದಿ ಮಾತ್ರ ಕೇಳಿ ಪಡೆಯಿರಿ, ತಾವಾಗಿ ಕೊಡುವ ಅಭ್ಯಾಸ ನಮ್ಮಲ್ಲಿ ಕಡಿಮೆ.

ಐದರಲ್ಲಿ ಮೂರು ಸ್ಟಾರ್. ಪಹಣಿ ಒಂದಕ್ಕೇ ಆಗಿದ್ದರೆ ಐದೂ ಕೊಡುತ್ತಿದ್ದೆ.