ಸೀಟ್ ಬೆಲ್ಟ್ ಅಲಾರಂ ಸ್ಟಾಪರ್: ಒಂದು ಸ್ಟಾರೂ ಹೆಚ್ಚು

ಬೆಲ್ಟಿನ ನಾಲಿಗೆಯ ಬದಲು ಬಕಲ್‌ಗೆ ಸಿಕ್ಕಿಸುವ ಲೋಹದ ತುಂಡು. ಕ್ಲಿಕ್ ಅಂತ ಕೂರುತ್ತದೆ, ಬೀಪ್ ನಿಲ್ಲುತ್ತದೆ. ಫಿನಿಶಿಂಗ್ ಚೆನ್ನಾಗಿದೆ, ಬೇಕಾದರೆ ಕೀಚೈನ್ ಮಾಡಿಕೊಳ್ಳಿ.

ತೊಂದರೆ ಇರುವುದು ಅಪಘಾತದಲ್ಲಿ. ಕಾರು ನಿಂತರೂ ಬೆಲ್ಟಿಲ್ಲದ ದೇಹ ಅದೇ ವೇಗದಲ್ಲಿ ಮುಂದೆ ನುಗ್ಗುತ್ತದೆ. ಏರ್‌ಬ್ಯಾಗ್ ಉಬ್ಬುವ ಹೊತ್ತಿಗೆ ಎದೆ ಸ್ಟಿಯರಿಂಗ್ ಹತ್ತಿರ ಬಂದಿದ್ದರೆ, ಕಾಪಾಡಬೇಕಾದ ಚೀಲವೇ ಪಕ್ಕೆಲುಬು, ಕುತ್ತಿಗೆಗೆ ಗುದ್ದುತ್ತದೆ. ಜೊತೆಗೆ, ಕೆಲವು ಕಾರುಗಳು ಬಕಲ್ ಸ್ವಿಚ್ ನೋಡಿಯೇ ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕೆಂದು ತೀರ್ಮಾನಿಸುತ್ತವೆ. ಈ ಕ್ಲಿಪ್ ಅವಕ್ಕೆ ಸುಳ್ಳು ಹೇಳುತ್ತದೆ.

2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಇ-ಕಾಮರ್ಸ್ ತಾಣಗಳಿಂದ ಇಂಥವನ್ನು ತೆಗೆಸಿತು. ಪಕ್ಕದ ಸೀಟಿನ ಬ್ಯಾಗಿನಿಂದ ಬೀಪ್ ಬರುತ್ತಿದೆಯೇ? ಬ್ಯಾಗನ್ನು ಡಿಕ್ಕಿಯಲ್ಲಿಡಿ, ಖರ್ಚಿಲ್ಲ.