ಫ್ರೇಸಿಯರ್ ವಾಪಸ್ ಬಂದ, ನೈಲ್ಸ್ ಬರಲಿಲ್ಲ

1993ರಿಂದ 2004ರವರೆಗೆ 11 ಸೀಸನ್, 264 ಕಂತು ಓಡಿದ ಅಮೆರಿಕದ ‘ಫ್ರೇಸಿಯರ್’ ಹಾಸ್ಯ ಧಾರಾವಾಹಿಯ ಮುಂದುವರಿಕೆ 2023ರಲ್ಲಿ ಶುರುವಾಯಿತು. ತಲಾ 10 ಕಂತಿನ ಎರಡೇ ಸೀಸನ್‌ಗೆ ನಿಂತೂ ಹೋಯಿತು.

ಹಳೆಯದರಲ್ಲಿ ಅಪ್ಪ ನಿವೃತ್ತ ಪೊಲೀಸ್, ಮಗ ಫ್ರೇಸಿಯರ್ ನಾಜೂಕಿನ ಮನೋವೈದ್ಯ. ಇಲ್ಲಿ ಅದೇ ತಿರುಗುಮುರುಗು: ಫ್ರೇಸಿಯರ್ ಹಾರ್ವರ್ಡ್‌ನಲ್ಲಿ ಮೇಷ್ಟ್ರು, ಮಗ ಫ್ರೆಡ್ಡಿ ಅಲ್ಲಿನ ಓದು ಬಿಟ್ಟು ಅಗ್ನಿಶಾಮಕ ದಳ ಸೇರಿದವ. ಚೌಕಟ್ಟೇನೋ ಗಟ್ಟಿ. ಪೆಟ್ಟು ಬಿದ್ದಿರುವುದು ತಮ್ಮ ನೈಲ್ಸ್ ಇಲ್ಲದ್ದಕ್ಕೆ. ಅಣ್ಣನ ಬಡಾಯಿಗೆ ಅಷ್ಟೇ ಬಡಾಯಿಯ ಜೋಡಿಯಿದ್ದರೆ ತಾನೇ ಮಾತು ಏರುವುದು? ಆ ಜಾಗಕ್ಕೆ ತಂದ ನೈಲ್ಸ್‌ನ ಮಗ ಡೇವಿಡ್, ಪಾಪ, ಪೆದ್ದುತನದ ನಗೆಗಷ್ಟೇ ಒದಗುತ್ತಾನೆ. ಸರಣಿಯನ್ನು ಎತ್ತಿ ನಿಲ್ಲಿಸುವವನು ಫ್ರೇಸಿಯರ್‌ನ ಹಳೆಯ ಗೆಳೆಯ, ಪ್ರೊಫೆಸರ್ ಅಲನ್ ಆಗಿ ನಟಿಸಿರುವ ನಿಕೋಲಸ್ ಲಿಂಡ್‌ಹರ್ಸ್ಟ್. ಪಾಠ ಮಾಡಲು ಮೈಗಳ್ಳ, ಗ್ಲಾಸು ಕಂಡರೆ ಚುರುಕು. ಒಣ ದನಿಯ ಒಂದೇ ಸಾಲಿನಲ್ಲಿ ದೃಶ್ಯ ಕಸಿಯುತ್ತಾನೆ.

ಮೊದಲೆರಡು ಕಂತು ಎಳೆಯುತ್ತವೆ, ಹಿಂದಿನ ಕಥೆ ಹೇಳುವುದರಲ್ಲೇ ಹೊತ್ತು ಹೋಗುತ್ತದೆ. ಫ್ರೇಸಿಯರ್‌ನ ಮಾಜಿ ಹೆಂಡತಿ, ಫ್ರೆಡ್ಡಿಯ ತಾಯಿ ಲಿಲಿತ್ ಬರುವ ಏಳನೆಯ ಕಂತಿನವರೆಗಾದರೂ ತಾಳಿ. ಹೊಸಬರು ಹಳೆಯದರ ಮೊದಲ ಕಂತನ್ನು ನೋಡಿಕೊಂಡೇ ಬರಬೇಕು. ಇಲ್ಲದಿದ್ದರೆ ಫ್ರೇಸಿಯರ್‌ನ ಅಪ್ಪನ ನೆನಪಿನ ಸಾಲುಗಳು ನಾಟುವುದಿಲ್ಲ.

ತೀರ್ಥಹಳ್ಳಿ, ಹೊಸನಗರದ ಕಡೆಯವರು ಮಳೆಗಾಲದಲ್ಲಿ ನೋಡುವುದಾದರೆ ಕರೆಂಟ್ ಇರುವಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಶೀಟಿನ ಮಾಡಿಗೆ ಮಳೆ ಬಡಿಯುವಾಗ ಟಿವಿಯಲ್ಲಿ ಕೇಳುವುದು ಪ್ರೇಕ್ಷಕರ ನಗು ಮಾತ್ರ, ನಗಿಸಿದ ಮೆಲುಮಾತು ಹಾರಿಹೋಗಿರುತ್ತದೆ. ಇಯರ್‌ಫೋನ್ ಹಾಕಿ, ಸಬ್‌ಟೈಟಲ್ ಇಟ್ಟುಕೊಳ್ಳಿ. ದಿನಕ್ಕೆ ಎರಡು ಕಂತು ಸಾಕು, ಮೂರನೆಯದಕ್ಕೆ ಒಂದೇ ಅಚ್ಚಿನ ಜೋಕು ಕಣ್ಣಿಗೆ ಬೀಳತೊಡಗುತ್ತದೆ.